ಅಲಾಸ್ಕಾದ ಬಾವುಟ ಖಾಲಿಯಲ್ಲ

ಸಿಟ್ಟು ಬಂದಿದೆ, ಬರೆದೇ ಬಿಡುತ್ತೇನೆ. ಅಮೆರಿಕದ ರಾಜ್ಯಗಳ ಬಾವುಟಗಳಿಗೆ ಅಂಕ ಕೊಡುವ ರೀಲ್ಸ್ ಒಂದನ್ನು ಈಗಷ್ಟೇ ನೋಡಿದೆ. ಅಲಾಸ್ಕಾದ ಸರದಿ ಬಂದಾಗ ಅದರಲ್ಲಿದ್ದವರು ಹೇಳಿದ್ದು: "ನೀಲಿ ಬಟ್ಟೆ, ಎಂಟು ಚುಕ್ಕಿ, ಅಷ್ಟೇ. ಇಂಥದ್ದನ್ನ ಮಕ್ಕಳೂ ಬಿಡಿಸ್ತಾರೆ."

ಅದನ್ನು ಬಿಡಿಸಿದ್ದೇ ಒಬ್ಬ ಹುಡುಗ! ಹೆಸರು ಬೆನ್ನಿ ಬೆನ್ಸನ್. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಅನಾಥಾಲಯದಲ್ಲಿ ಬೆಳೆದವನು. ಶಾಲಾ ಮಕ್ಕಳಿಗೆಂದು ಇಟ್ಟ ಸ್ಪರ್ಧೆಯಲ್ಲಿ ಅವನ ಚಿತ್ರ ಗೆದ್ದು, 1927ರಲ್ಲಿ ಅದೇ ಅಲಾಸ್ಕಾದ ಬಾವುಟವಾಯಿತು.

ನೀಲಿ ಅಂದರೆ ಅಲ್ಲಿನ ಆಕಾಶ, ಜೊತೆಗೆ ಫರ್ಗೆಟ್-ಮಿ-ನಾಟ್ ಅನ್ನುವ ಪುಟ್ಟ ನೀಲಿ ಹೂವು. ಏಳು ಚುಕ್ಕಿ ನಮ್ಮ ಸಪ್ತರ್ಷಿ ಮಂಡಲ. ಬೆನ್ನಿಗೆ ಅದು ದೊಡ್ಡ ಕರಡಿ, ಬಲದ ಗುರುತು. ಮೂಲೆಯ ದಪ್ಪ ಚುಕ್ಕಿ ಧ್ರುವ. ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಬಾಲದ ಎದುರು ತುದಿಯಲ್ಲಿರುವ ಎರಡು ಚುಕ್ಕಿಗಳ ಗೆರೆಯನ್ನು ಮುಂದಕ್ಕೆ ಎಳೆದರೆ ಧ್ರುವದ ಕಡೆಗೇ ಹೋಗುತ್ತದೆ. ಆಕಾಶದಲ್ಲಿ ಉತ್ತರ ಹುಡುಕುವವರು ಮಾಡುವುದೂ ಇದನ್ನೇ. ಇದು ಖಾಲಿ ಬಟ್ಟೆಯಾ?

"ಸಪ್ತರ್ಷಿ ನಮಗೂ ಕಾಣುತ್ತಲ್ವಾ, ಅದರಲ್ಲಿ ಅಲಾಸ್ಕಾದ್ದು ಅನ್ನುವಂಥದ್ದೇನು?" ಅಂತ ಕೆಲವರು ಕೇಳಬಹುದು. ಕಾಣುತ್ತದೆ, ಆದರೆ ಅಲ್ಲಿನ ಹಾಗಲ್ಲ. ಬೆಂಗಳೂರಿನಲ್ಲಿ ಧ್ರುವ ಇರುವುದು ದಿಗಂತದಿಂದ ಬರೀ 13 ಡಿಗ್ರಿ ಎತ್ತರದಲ್ಲಿ. (ಪಕ್ಕದ ಅಪಾರ್ಟ್‌ಮೆಂಟ್ ಎದ್ದ ಮೇಲೆ ನನ್ನ ಟೆರೇಸಿಗೆ ಅದೂ ಕಾಣುವುದಿಲ್ಲ.) ಇಲ್ಲಿ ಸಪ್ತರ್ಷಿ ಹುಟ್ಟುತ್ತದೆ, ಮುಳುಗುತ್ತದೆ. ಬೆನ್ನಿ ಇದ್ದ ಸೆವಾರ್ಡ್ ಊರಿನಲ್ಲಿ ಧ್ರುವ 60 ಡಿಗ್ರಿ ಮೇಲಿರುತ್ತದೆ, ಸಪ್ತರ್ಷಿ ಮುಳುಗುವುದೇ ಇಲ್ಲ. ಆ ಹುಡುಗ ತನ್ನ ಊರಿನ ಆಕಾಶವನ್ನೇ ಬರೆದ. ಆ ವಾದ ಅಲ್ಲಿಗೇ ಮುಗಿಯಿತು.

ನನಗೆ ಇಷ್ಟು ಸಿಟ್ಟು ಯಾಕೆ ಅಂದರೆ, ಅಮ್ಮ ಹೋದ ವರ್ಷವೇ ನಾನೂ ಆಕಾಶ ನೋಡಲು ಶುರುಮಾಡಿದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ. ತಾಯಿಯಿಲ್ಲದ ಮಗುವೊಂದು ತಲೆಯೆತ್ತಿ ನೋಡಿ ಬಿಡಿಸಿದ್ದನ್ನು ಸುಮ್ನೆ "ಅಷ್ಟೇ" ಅಂದರೆ ಹೊಟ್ಟೆ ಉರಿಯುತ್ತದೆ. ಸರಳವಾಗಿದ್ದರೆ ಅದರಲ್ಲಿ ಏನೂ ಇಲ್ಲ ಅಂತಲಾ?

ಧ್ರುವ ನಕ್ಷತ್ರ ಮುಂದೆ ಆಗಲಿರುವ ಅಲಾಸ್ಕಾ ರಾಜ್ಯಕ್ಕಾಗಿ ಅಂತ ಬೆನ್ನಿ ಆಗಲೇ ಬರೆದಿದ್ದ. 1959ರಲ್ಲಿ ರಾಜ್ಯ ಆಯಿತು. ದೊಡ್ಡವರು ಬೇರೆ ಬಾವುಟ ಹುಡುಕಲಿಲ್ಲ, ಅವನದ್ದನ್ನೇ ಉಳಿಸಿಕೊಂಡರು. ಅಂಕ ಕೊಡುವ ಮೊದಲು ಇಷ್ಟನ್ನಾದರೂ ಓದಿಕೊಳ್ಳಬೇಕಿತ್ತು.