ಸರಸ್ವತಿಯನ್ನು ಚೀಪುವ ವಯಸ್ಸು

ಅಮ್ಮ ಹಾಸನದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿಳಿದ ಎರಡನೇ ದಿನವೇ ನಮ್ಮಿಬ್ಬರಿಗೂ ಜಟಾಪಟಿ. ಏಳು ತಿಂಗಳ ಮಗಳು ರಟ್ಟಿನ ಪುಸ್ತಕವೊಂದರ ಮೂಲೆ ಚೀಪುತ್ತಾ ಕೂತಿದ್ದಳು. "ಸರಸ್ವತಿ ಕಣೋ ಅದು! ಬಾಯಿಗಿಟ್ಕೊಂಡಿದಾಳೆ, ನೋಡ್ತಾ ಕೂತಿದೀಯಲ್ಲ" ಎಂದು ಅಮ್ಮ ಅದನ್ನು ಕಿತ್ತು, ಕಣ್ಣಿಗೊತ್ತಿಕೊಂಡು, ಬೀರುವಿನ ಮೇಲಿಟ್ಟಳು. ಮನೆ ಹಾರಿಹೋಗುವಂಥ ಅಳು.

ಅದು ನಾವು ಕೊಂಡ ಪುಸ್ತಕವಲ್ಲ. ಮನೆಗೆ ಬಂದು ಮಗುವಿನ ತೂಕ ನೋಡುವ ಹೆಲ್ತ್ ವಿಸಿಟರ್ ಕೈಗಿತ್ತ ಚೀಲದಲ್ಲಿತ್ತು. ಕೂಸುಗಳಿಗೆ ಪುಕ್ಕಟೆ ಪುಸ್ತಕ ಕೊಡುವ ಬುಕ್‌ಸ್ಟಾರ್ಟ್ ಎಂಬ ಈ ಏರ್ಪಾಡು 1992ರಲ್ಲಿ ಬರ್ಮಿಂಗ್‌ಹ್ಯಾಮ್‌ನ 300 ಮನೆಗಳಿಂದ ಶುರುವಾದದ್ದು. ಲೈಬ್ರರಿಯಲ್ಲೂ ಕೂಸಿನ ಹೆಸರಿಗೇ ಕಾರ್ಡು. ಹಲ್ಲಿನ ಗುರುತು ಬಿದ್ದ ಪುಸ್ತಕ ವಾಪಸ್ ಕೊಟ್ಟರೆ ಯಾರೂ ಮುಖ ಸಿಂಡರಿಸಲಿಲ್ಲ. ನಮ್ಮಲ್ಲೋ, ಪುಸ್ತಕಕ್ಕೆ ಕಾಲು ತಾಗಿದರೆ ನಮಸ್ಕಾರ. ಆ ಗೌರವವನ್ನು ನಾನು ಹಳಿಯುವವನಲ್ಲ. ನನ್ನ ಕಾಲು ತಾಗಿದರೆ ಕೈ ಈಗಲೂ ತಾನಾಗಿ ಕಣ್ಣಿಗೆ ಹೋಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಪುಸ್ತಕ ಬರುವುದೇ ಅಕ್ಷರಾಭ್ಯಾಸದ ಹೊತ್ತಿಗೆ, ಓದು ಕಲಿಸಲಿಕ್ಕೆ. ಇಲ್ಲಿ ಅದು ಹಾಲು ಕುಡಿಯುವ ವಯಸ್ಸಿನಲ್ಲೇ ಬರುತ್ತದೆ, ಗಿಲಕಿಯ ಜೊತೆಗೆ.

ಕಳೆದ ರಜೆಯಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ "ಒಂದು ವರ್ಷದ ಮಗುವಿಗೆ ಕನ್ನಡದ ಬೋರ್ಡ್ ಬುಕ್ ಕೊಡಿ" ಅಂದೆ. ಕೊಟ್ಟಿದ್ದು ವರ್ಣಮಾಲೆ. ಒಂದೊಂದು ಪುಟದಲ್ಲೂ ಒಂಬತ್ತು ಚಿತ್ರ, ಸಂತೆಯಂತೆ. ಈ ಈಟಿ, ಋ ಋಷಿ, ಔ ಔಷಧ. ಋಷಿಯನ್ನು ಮಗಳಿರಲಿ, ನಾನೇ ಕಂಡಿಲ್ಲ. ತೊದಲಲೂ ಬಾರದ ಕೂಸಿಗೆ ಋಕಾರ ಏಕೆ? ಅದಕ್ಕೆ ಬೇಕಾದದ್ದು ಪುಟಕ್ಕೊಂದೇ ಚಿತ್ರ: ಲೋಟ, ನಾಯಿ, ಚಪ್ಪಲಿ, ಅಳುವ ಮುಖ, ನಗುವ ಮುಖ. ಹುಟ್ಟಿದ ಹೊಸತರಲ್ಲಿ ಮಗುವಿಗೆ ಚೆನ್ನಾಗಿ ಕಾಣುವುದು 20–30 ಸೆಂಟಿಮೀಟರ್ ದೂರದ್ದಷ್ಟೇ, ಅಂದರೆ ಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು. ಮೊದಲ ತಿಂಗಳುಗಳಿಗೆ ಕಪ್ಪು-ಬಿಳುಪಿನ ದಪ್ಪ ಗೆರೆಗಳೇ ಸಾಕು. ಆಮೇಲೆ ಮುಖಗಳು. ವರ್ಷ ತುಂಬುವ ಹೊತ್ತಿಗೆ ಬೆರಳು ತೋರಿಸುವ ಆಟ ಶುರು. ಆಗ ಒಂದೇ ನಾಯಿಯನ್ನು ದಿನಕ್ಕೆ ನಲವತ್ತು ಸಲ ನೋಡಿ ನಲವತ್ತು ಸಲವೂ "ಬೌ ಬೌ" ಅನ್ನಬೇಕು. ನಮ್ಮ ತಾಳ್ಮೆಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನಿಮಗೇ ಬೇಜಾರಾಗುವ ಪುಸ್ತಕ ತರಬೇಡಿ.

ಮೂಲೆ ದುಂಡಗಿರಬೇಕು, ಪುಟ ಪುಟ್ಟ ಕೈಗೆ ಸಿಗುವಷ್ಟು ದಪ್ಪವಿರಬೇಕು. ಮುಚ್ಚಳ ಎತ್ತಿ ನೋಡುವ ಪುಸ್ತಕ ನಮ್ಮಲ್ಲಿ ನಾಲ್ಕು ದಿನ ಬಾಳಿತು. ಕಿತ್ತ ಚೂರನ್ನು ಬಾಯಿಂದ ತೆಗೆದದ್ದು ನಾನೇ. ಒತ್ತಿದರೆ ಹಾಡುವವನ್ನಂತೂ ಮನೆಗೆ ಸೇರಿಸಿಲ್ಲ. ಅವುಗಳಲ್ಲಿರುವ ಗುಂಡಿಯಂಥ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಅದೂ ಅಲ್ಲದೆ, ಪುಸ್ತಕವೇ ಹಾಡಿದರೆ ಅಪ್ಪನಿಗೇನು ಕೆಲಸ?

ಇಲ್ಲಿಯದೆಲ್ಲ ಸರಿ ಅಂತಲೂ ಅಲ್ಲ. ಈ ಪುಸ್ತಕಗಳ ತುಂಬ ಹಿಮ, ಕೆಂಪು ಅಂಚೆಪೆಟ್ಟಿಗೆ, ಬ್ಯಾಡ್ಜರ್ ಎಂಬ ಪಟ್ಟೆಮುಖದ ಪ್ರಾಣಿ. "ಇದೇನೋ ಇದು, ಕರಡಿ ಮರಿಯಾ?" ಎಂದು ಅಮ್ಮ ಕೇಳಿದಾಗ ಕನ್ನಡದಲ್ಲಿ ಹೇಳಲು ನನಗೂ ತೋಚಲಿಲ್ಲ. ಹೆಜ್‌ಹಾಗ್‌ಗೆ ಅಮ್ಮನೇ "ಮುಳ್ಳಿಲಿ" ಎಂದು ಹೆಸರಿಟ್ಟಳು, ಅದೇ ನಿಂತಿತು. ಇಂಗ್ಲಿಷ್ ಸಾಲುಗಳನ್ನು ನಾವು ಓದುವುದೇ ಇಲ್ಲ, ಚಿತ್ರ ನೋಡಿ ಕನ್ನಡದಲ್ಲಿ ಮಾತಾಡುತ್ತೇವೆ. ಒಂದು ಪುಟಕ್ಕೆ ಎರಡೇ ಪದವಿರುವ ಪುಸ್ತಕ ಹೊರನಾಡಿನ ನಮಗೆ ಒಳ್ಳೆಯದು. ಪ್ರಾಸದ ಪುಸ್ತಕವಾದರೆ ಇಂಗ್ಲಿಷ್ ಬಿಡುವುದೇ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ, ನಿಜ, ಆದರೆ ಫೋನನ್ನು ಚೀಪಲು ಕೊಡುವುದಕ್ಕಾಗುತ್ತದೆಯೇ?

ಕೊನೆಗೆ ನಾವೇ ಒಂದು ಮಾಡಿಕೊಂಡೆವು. ಫೋಟೋ ಕಳಿಸಿದರೆ ರಟ್ಟಿನ ಪುಸ್ತಕ ಮಾಡಿಕೊಡುವವರು ಇಲ್ಲಿದ್ದಾರೆ. ಪುಟಕ್ಕೊಬ್ಬರು: ಅಜ್ಜಿ, ತಾತ, ಸೋದರಮಾವ, ಹಾಸನದ ಮನೆಯ ತುಳಸಿಕಟ್ಟೆ, ಪಕ್ಕದ ಮನೆಯ ಹಸು. ಕೆಳಗೆ ಒಂದಕ್ಷರವೂ ಇಲ್ಲ. ಅಮ್ಮ ಊರಿಗೆ ಹೋದ ಮೇಲೆ ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗಳು ಮೊದಲ ಪುಟ ತೆಗೆದು "ಜ್ಜಿ" ಅಂದಳು. ಅಂದವಳೇ ಅದರ ಮೂಲೆ ಬಾಯಿಗಿಟ್ಟುಕೊಂಡಳು.

"ಅಯ್ಯೋ, ನನ್ನೇ ತಿಂತಾಳಲ್ಲೋ ಇವಳು" ಅಂದಳು ಅಮ್ಮ. ಕಿತ್ತುಕೋ ಅನ್ನಲಿಲ್ಲ.