ನನ್ನಿಂದ ಕೂರಲ್ಪಟ್ಟ ಕುರ್ಚಿ

ಈ ಹೋಮ್‌ವರ್ಕ್ ನಿಮ್ಮ ಮನೆಗೂ ಬಂದಿರುತ್ತದೆ. ಬಂದಿಲ್ಲ ಅಂದರೆ ಬರುತ್ತದೆ, ಕಾಯಿರಿ. 'ನಿಮ್ಮ ಸುತ್ತಮುತ್ತ ಇರುವ ಹತ್ತು ವಸ್ತುಗಳ ಬಗ್ಗೆ ಇಂಗ್ಲಿಷಿನಲ್ಲಿ ಪ್ಯಾಸಿವ್ ವಾಯ್ಸ್ ಬಳಸಿ ಒಂದೊಂದು ವಾಕ್ಯ ಬರೆಯಿರಿ.' ಪ್ಯಾಸಿವ್ ವಾಯ್ಸ್ ಅಂದರೆ ನಮ್ಮ ಕರ್ಮಣಿ ಪ್ರಯೋಗ, ಮಾಡಿದವರು ಹಿಂದೆ, ಮಾಡಿಸಿಕೊಂಡದ್ದು ಮುಂದೆ.

ಮಗಳು ಮೇಜಿನಿಂದ ಶುರು ಮಾಡಿದಳು. ಎಲ್ಲ ಮಕ್ಕಳೂ ಮೇಜಿನಿಂದಲೇ ಶುರು ಮಾಡೋದು, ನೋಟ್‌ಬುಕ್ಕು ಇರುವುದು ಅದರ ಮೇಲೇ ಅಲ್ವಾ? 'ದಿ ಟೇಬಲ್ ಈಸ್ ಮೇಡ್ ಆಫ್ ವುಡ್.' ಆಮೇಲೆ ಪೆನ್ನು. 'ದಿ ಪೆನ್ ಈಸ್ ಯೂಸ್ಡ್ ಫಾರ್ ರೈಟಿಂಗ್.' ಆಮೇಲೆ ಸುತ್ತ ನೋಡಿ, 'ದಿ ಚೇರ್ ಈಸ್ ಸ್ಯಾಟ್ ಆನ್ ಬೈ ಮೈ ಫಾದರ್.'

ನಾನು ಎದ್ದುಬಿಟ್ಟೆ. ವ್ಯಾಕರಣ ಸರಿಯಾಗೇ ಇದೆ, ತಪ್ಪು ಹಿಡಿಯೋ ಹಾಗಿಲ್ಲ. ಆದರೆ ಇಷ್ಟು ವರ್ಷ ಆರಾಮಾಗಿ ಕುರ್ಚಿ ಮೇಲೆ ಕೂತಿದ್ದೇನೆ ಅಂದುಕೊಂಡಿದ್ದೆ. ಕುರ್ಚಿಯ ಕಡೆಯಿಂದ ನೋಡಿದರೆ ಅದು ನನ್ನಿಂದ ಕೂರಲ್ಪಡುತ್ತಿತ್ತು. ಪಾಪ, ಒಂದು ದಿನವೂ ಹೇಳಿಕೊಂಡಿರಲಿಲ್ಲ.

ಈ ಪಾಠ ಕಂಡುಹಿಡಿದವರಿಗೆ ಕೈಮುಗಿಯಬೇಕು. ಪೆನ್ನು ಇರುವುದು ಬರೆಯೋದಕ್ಕೆ ಅಂತ ಮಕ್ಕಳಿಗೆ ಮೂರನೇ ವಯಸ್ಸಿಗೇ ಗೊತ್ತು, ಗೋಡೆ ನೋಡಿದರೆ ಸಾಕು. ಹಾಗಾದರೆ ಈ ವಾಕ್ಯ ಯಾರಿಗೆ? ಬೇರೆ ಗ್ರಹದಿಂದ ಬರುವವರಿಗೆ ಇರಬೇಕು. ಅವರು ಬಂದಿಳಿದು 'ಇದೇನು?' ಅಂತ ಕೊಡೆ ತೋರಿಸಿದ ತಕ್ಷಣ ನಮ್ಮ ಮಕ್ಕಳು ಎದ್ದು ನಿಂತು 'ಆನ್ ಅಂಬ್ರೆಲಾ ಈಸ್ ಯೂಸ್ಡ್ ಇನ್ ದಿ ರೇನ್' ಅನ್ನುತ್ತಾರೆ. 'ಬಚ್ಚಲು ಎಲ್ಲಿದೆ?' ಅಂತ ಕೇಳಿದರೆ ಮಾತ್ರ ಕಷ್ಟ. ಅದು ಸಿಲಬಸ್ಸಿನಲ್ಲಿಲ್ಲ.

ಮೇಜಿನ ವಾಕ್ಯವೂ ಅಷ್ಟು ಸಲೀಸಲ್ಲ. ಮರ ಮರವಾಗೇ ಕಾಣಿಸುತ್ತಿದ್ದರೆ 'ಮೇಡ್ ಆಫ್'. ರೂಪವೇ ಬದಲಾಗಿದ್ದರೆ 'ಮೇಡ್ ಫ್ರಮ್'. ಹಾಗಾಗಿ ಮೇಜು ಆಫ್ ವುಡ್, ಕಾಗದ ಫ್ರಮ್ ವುಡ್. ನಮ್ಮ ಮೇಜು ಮರದ ಪುಡಿಗೆ ಅಂಟು ಕಲಸಿ ಒತ್ತಿ, ಮೇಲೆ ಮರದ ಚಿತ್ರ ಅಂಟಿಸಿದ್ದು. ಅದು ಆಫೋ ಫ್ರಮ್ಮೋ? ಮಗಳಿಗೆ ಕೇಳಿದೆ. ಅಮ್ಮನನ್ನು ಕರೆಯುತ್ತೇನೆ ಅಂದಳು. ಸುಮ್ಮನಾದೆ.

ನಾವು ಕಲಿತಾಗ ವಸ್ತುಗಳೂ ಇರಲಿಲ್ಲ, ಬರೀ ಕಾರ್ಖಾನೆ. ಈ ಕಡೆಯಿಂದ ಆಕ್ಟಿವ್ ಹಾಕಿದರೆ ಆ ಕಡೆಯಿಂದ ಪ್ಯಾಸಿವ್ ಬೀಳಬೇಕು. ಹಿಂದಿದ್ದದ್ದು ಮುಂದೆ, ಮುಂದಿದ್ದದ್ದು ಹಿಂದೆ, ಕೊನೆಗೊಂದು 'ಬೈ'. ಯಂತ್ರ ನಿಲ್ಲದೆ ಓಡುತ್ತಿತ್ತು. 'ಐ ಹ್ಯಾವ್ ಎ ಬ್ಯಾಗ್' ಹಾಕಿದ ಹುಡುಗನೊಬ್ಬನಿಗೆ 'ಎ ಬ್ಯಾಗ್ ಈಸ್ ಹ್ಯಾಡ್ ಬೈ ಮಿ' ಬಿತ್ತು. ಏಟೂ ಬಿತ್ತು. ಹ್ಯಾವ್, ಲ್ಯಾಕ್, ರಿಸೆಂಬಲ್ ಇಂಥವನ್ನು ಹೀಗೆ ತಿರುಗಿಸುವ ಹಾಗಿಲ್ಲ ಅಂತ ಯಾರೂ ಮೊದಲೇ ಹೇಳಿರಲಿಲ್ಲ. ಆ ಹುಡುಗ ನಾನೇ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನೋಡಿ, ಈಗ 'ಏಟು ಬಿತ್ತು' ಅಂದೆ. ಹೊಡೆದವರು ಎಲ್ಲಿ ಹೋದರು? ಕನ್ನಡದ ಮಜಾ ಇದು. ವ್ಯಾಕರಣದ ಪುಸ್ತಕದಲ್ಲಿ ರಾಮನಿಂದ ರಾವಣನು ಕೊಲ್ಲಲ್ಪಡುತ್ತಾನೆ. ಅದು ಬಿಟ್ಟರೆ ಮಾತಿನಲ್ಲಿ ಯಾರೂ ಏನೂ 'ಅಲ್ಪಟ್ಟಿದ್ದು' ನಾನು ಕೇಳಿಲ್ಲ. ಬೈಯಲ್ಪಟ್ಟೆ ಅನ್ನೋದಿಲ್ಲ, ಬೈಸಿಕೊಂಡೆ ಅಂತೀವಿ. ನಾವೇ ಹೋಗಿ, ಸಾಲಿನಲ್ಲಿ ನಿಂತು, ಕೇಳಿ ತೆಗೆದುಕೊಂಡ ಹಾಗೆ. ಏಟನ್ನಂತೂ ತಿಂತೀವಿ. ಇನ್ನು ತಪ್ಪು ಮುಚ್ಚಿಕೊಳ್ಳುವ ವಿಷಯಕ್ಕೆ ಬಂದರೆ ನಮಗೆ ಯಾವ ಪ್ಯಾಸಿವ್ ವಾಯ್ಸೂ ಬೇಡ. ಲೋಟ ಒಡೆದುಹೋಯ್ತು. ಕೀ ಕಳೆದುಹೋಯ್ತು. ಫೋನು ಬಿದ್ದುಹೋಯ್ತು. ಎಲ್ಲ ತಾವಾಗಿಯೇ ಹೋದವು, ನಾವು ಬರೀ ನೋಡುತ್ತಾ ನಿಂತಿದ್ದೆವು. 'ಹೋಯ್ತು' ಅನ್ನೋ ಒಂದು ಪದ ಇಟ್ಟುಕೊಂಡು ಇಷ್ಟು ಸಂಸಾರ ಸಾಗಿಸಿದವರಿಗೆ ಬೈ ಹಿಮ್, ಬೈ ಹರ್ ಕಲಿಸೋಕೆ ಬರುತ್ತಾರೆ.

ಸಿಟ್ಟು ಬರೋದು ಯಾಕೆ ಅಂದರೆ, ವಸ್ತುಗಳ ಮೇಲೆ ನಿಜವಾದ ಪ್ಯಾಸಿವ್ ವಾಯ್ಸ್ ಅಚ್ಚಾಗಿಯೇ ಇರುತ್ತದೆ. ಅದನ್ನು ಯಾರೂ ಓದಿಸೋದಿಲ್ಲ. ಆಟಿಕೆ ಡಬ್ಬ ತಿರುಗಿಸಿ. 'ಬ್ಯಾಟರೀಸ್ ನಾಟ್ ಇನ್‌ಕ್ಲೂಡೆಡ್.' ಅಳುವ ಮಗುವಿನ ಮುಂದೆ ನಿಂತು ಇದನ್ನು ಓದಿದವನು ಜನ್ಮದಲ್ಲಿ ಪ್ಯಾಸಿವ್ ವಾಯ್ಸ್ ಮರೆಯೋದಿಲ್ಲ. ಐಫೋನಿನ ಬೆನ್ನ ಮೇಲೆ ಬಹಳ ಕಾಲ ಎರಡು ವಾಕ್ಯ ಇದ್ದವು. 'ಡಿಸೈನ್ಡ್ ಬೈ ಆಪಲ್ ಇನ್ ಕ್ಯಾಲಿಫೋರ್ನಿಯಾ.' ಅದರ ಪಕ್ಕದಲ್ಲೇ 'ಅಸೆಂಬಲ್ಡ್ ಇನ್ ಚೈನಾ.' ಚಿತ್ರ ಬರೆದವರಿಗೆ ಒಂದು 'ಬೈ' ಸಿಕ್ಕಿತು. ಕೂತು ಜೋಡಿಸಿದವರಿಗೆ ಬರೀ ಊರು ಸಿಕ್ಕಿತು. ಒಂದು ಇಡೀ ಪಾಠ ಅಲ್ಲೇ ಇದೆ, ಆದರೆ ನಮ್ಮ ಮಗು ಇನ್ನೂ ಪೆನ್ನಿನ ಉಪಯೋಗ ಬರೆಯುತ್ತಿದೆ.

ಹಾಗೆ ನೋಡಿದರೆ ಇಂಗ್ಲಿಷಿನವರೇ ಈ 'ಬೈ'ಯನ್ನು ಅಷ್ಟಾಗಿ ಬಳಸೋದಿಲ್ಲ. ಇಂಗ್ಲಿಷ್ ಸಾಹಿತ್ಯದ ಪ್ಯಾಸಿವ್ ವಾಕ್ಯಗಳಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ವಾಕ್ಯಗಳು ಮಾಡಿದವರ ಹೆಸರನ್ನೇ ಹೇಳೋದಿಲ್ಲ ಅಂತ ಡೆನ್ಮಾರ್ಕಿನ ಭಾಷಾಪಂಡಿತ ಆಟೋ ಯೆಸ್ಪರ್ಸನ್ 1924ರಲ್ಲೇ ಬರೆದಿದ್ದ. ಯಾರು ಮಾಡಿದ್ದು ಅಂತ ಗೊತ್ತಿಲ್ಲದಾಗ, ಹೇಳುವ ಅಗತ್ಯ ಇಲ್ಲದಾಗ, ಅಥವಾ ಹೇಳೋಕೆ ಇಷ್ಟ ಇಲ್ಲದಾಗ ತಾನೇ ಈ ವೇಷ ಬೇಕಾಗೋದು? ನಮ್ಮ ಕ್ಲಾಸಿನಲ್ಲಿ ಮಾತ್ರ 'ಬೈ' ಬಿಟ್ಟರೆ ಅರ್ಧ ಮಾರ್ಕ್ ಕಟ್.

ಪ್ಯಾಸಿವ್ ವಾಯ್ಸನ್ನು ಬೈಯುವವರೂ ಕಡಿಮೆ ಏನಿಲ್ಲ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ, ಆಕ್ಟಿವ್ ಆಗುವ ಕಡೆ ಪ್ಯಾಸಿವ್ ಬೇಡವೇ ಬೇಡ ಅಂತ ಅಪ್ಪಣೆ ಕೊಟ್ಟರು. ಜನ ಸಿಕ್ಕಸಿಕ್ಕಲ್ಲಿ ಪ್ಯಾಸಿವ್ ಬಳಸುತ್ತಾರೆ ಅಂತ ಅದೇ ಬರಹದಲ್ಲಿ ದೂರಿದ್ದೂ ಇದೆ. ಆ ದೂರು ಇರುವುದು ಪ್ಯಾಸಿವ್ ವಾಯ್ಸ್‌ನಲ್ಲಿ.

ನಿಜವಾದ ಮೇಷ್ಟ್ರುಗಳು ಬೇರೆ ಕಡೆ ಇದ್ದಾರೆ. ಅಮೆರಿಕದ ಅಧ್ಯಕ್ಷ ಗ್ರಾಂಟ್ 1876ರಲ್ಲಿ, ತಪ್ಪುಗಳು ಆಗಿವೆ, ಎಲ್ಲರಿಗೂ ಕಾಣುತ್ತಿದೆ, ನಾನೂ ಒಪ್ಪುತ್ತೇನೆ ಅಂದಿದ್ದ. 1987ರಲ್ಲಿ ಇನ್ನೊಬ್ಬ ಅಧ್ಯಕ್ಷ ರೇಗನ್, ಇರಾನಿಗೆ ಆಯುಧ ಮಾರಿದ ಹಗರಣದ ಮಧ್ಯೆ ನಿಂತು, 'ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್' ಅಂದರು. 111 ವರ್ಷದಲ್ಲಿ ಆ ವಾಕ್ಯದಿಂದ 'ನಾನೂ ಒಪ್ಪುತ್ತೇನೆ' ಉದುರಿಹೋಗಿತ್ತು. ಉದುರಿಸಿದ್ದು ಯಾರೋ, ತಾನಾಗೇ ಉದುರಿರಬೇಕು, ಲೋಟದ ಹಾಗೆ.

ಕನ್ನಡವೂ ಈ ವಿದ್ಯೆ ಕಲಿತಿದೆ. ಮಾತಿನಲ್ಲಿ ಬಾರದಿದ್ದರೂ ಕಾಗದದಲ್ಲಿ ಬರುತ್ತದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಪರಿಶೀಲಿಸಲಾಗುತ್ತಿದೆ. ವಿಷಾದಿಸಲಾಗಿದೆ. ಒಂದು ಕಾಗದಕ್ಕಾಗಿ ನಾಲ್ಕು ತಿಂಗಳು ಒಂದು ಕಚೇರಿಗೆ ಅಲೆದಿದ್ದೇನೆ. ಕೊನೆಗೆ ಸಿಕ್ಕ ಉತ್ತರದಲ್ಲಿ ಮೂರು ಸಾಲು, ಮೂರರಲ್ಲೂ 'ಲಾಗಿದೆ'. ನನ್ನ ಅರ್ಜಿ ತಿರಸ್ಕರಿಸಲಾಗಿದೆ, ಕಡತ ಮುಕ್ತಾಯಗೊಳಿಸಲಾಗಿದೆ, ಆದ ತೊಂದರೆಗೆ ವಿಷಾದಿಸಲಾಗಿದೆ. ವಿಷಾದಿಸಿದ್ದು ಯಾರು ಸ್ವಾಮಿ? ಯಾವ ಮೇಜಿನ ಹಿಂದೆ ಕೂತು, ಎಷ್ಟು ಹೊತ್ತು ವಿಷಾದಪಟ್ಟರು? ನನಗೆ ತಮಾಷೆ ಮಾಡೋಕೆ ಆಗುತ್ತಿಲ್ಲ. ಒಬ್ಬ ಮನುಷ್ಯ ಕೂತು ಅದನ್ನು ಬರೆದಿದ್ದಾನೆ. ಬೇಡ ಅಂದವನೂ ಒಬ್ಬ ಮನುಷ್ಯನೇ. ಹೆಸರು ಕೇಳಿದರೆ ಕಚೇರಿಯಲ್ಲಿ ಕೂತಿದ್ದ ಮೂವರೂ ಗೋಡೆ ನೋಡಿದರು.

ಇರಲಿ, ಮಗಳ ಹೋಮ್‌ವರ್ಕು. ಒಂಬತ್ತು ವಸ್ತು ಆಯ್ತು. ಹತ್ತನೆಯದಕ್ಕೆ ಮೊನ್ನೆ ಕ್ಲಾಸಿನಲ್ಲಿ ಕಾಣೆಯಾದ ರಬ್ಬರ್ ನೆನಪಾಯಿತು. 'ಮೈ ರಬ್ಬರ್ ವಾಸ್ ಸ್ಟೋಲನ್' ಅಂತ ಬರೆದಳು. ಹತ್ತರಲ್ಲಿ ಇದೊಂದೇ ಯಾರಾದರೂ ಬಾಯಿಬಿಟ್ಟು ಹೇಳುವಂಥ ವಾಕ್ಯ. ಬೆನ್ನು ತಟ್ಟಿದೆ.

ನೋಟ್‌ಬುಕ್ಕು ವಾಪಸ್ ಬಂತು. ಕುರ್ಚಿಗೆ ಗುಡ್. ರಬ್ಬರಿನ ಸಾಲಿಗೆ ಕೆಂಪು ಗೆರೆ, ಪಕ್ಕದಲ್ಲಿ 'ಬೈ ಹೂಮ್?', ಅರ್ಧ ಮಾರ್ಕ್ ಕಟ್. ಗೊತ್ತಿದ್ದಿದ್ದರೆ ಅಲ್ಲೇ ಕಿತ್ತುಕೊಳ್ಳುತ್ತಿದ್ದೆ ಅಂತ ಮಗಳು ಗೊಣಗಿದಳು.

ಪುಟದ ಕೆಳಗೆ ದೊಡ್ಡದಾಗಿ 'ಚೆಕ್ಡ್' ಅಂತಿತ್ತು. ಸಹಿ ಇರಲಿಲ್ಲ. ಅದರ ಪಕ್ಕ ಪೆನ್ಸಿಲ್‌ನಲ್ಲಿ ಏನೋ ಚಿಕ್ಕದಾಗಿ ಬರೆದು ಬೆರಳಿನಿಂದ ಉಜ್ಜಿದ ಗುರುತು ಕಾಣಿಸಿತು. ದೀಪಕ್ಕೆ ಹಿಡಿದು ನೋಡಿದೆ.

'ಬೈ ಹೂಮ್?'