ಮೂರೇ ಬ್ಲಾಕ್

ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಯಾರಾದರೂ "ಮೂರೇ ಬ್ಲಾಕ್, ನಡೆದೇ ಹೋಗಿ" ಎಂದರೆ ಮೊದಲು ಕಾಲಲ್ಲಿರುವ ಚಪ್ಪಲಿ ನೋಡಿಕೊಳ್ಳಬೇಕು. ಬ್ಲಾಕ್ ಎಂದರೆ ನಾಲ್ಕು ರಸ್ತೆಗಳ ನಡುವಿನ ಚೌಕ. ಆ ದೇಶದ್ದೇ ಆದ ಪೋರ್ಟ್‌ಲ್ಯಾಂಡ್ ನಗರದ ಬ್ಲಾಕು ಒಂದು ಮಗ್ಗುಲಿಗೆ 200 ಅಡಿ. ಒಂದು ಮಾತು ಮುಗಿಯುವಷ್ಟರಲ್ಲಿ ಮೂಲೆ ಬಂದಿರುತ್ತದೆ. ಇಲ್ಲಿ 660 ಅಡಿ. ಜೊತೆಗೆ 132 ಅಡಿ ಅಗಲದ ರಸ್ತೆ. ಎರಡೂ ಕೂಡಿಸಿ ಮೂರರಿಂದ ಗುಣಿಸಿದರೆ 2,376 ಅಡಿ, ಮುಕ್ಕಾಲು ಕಿಲೋಮೀಟರಿಗೆ ತುಸು ಕಡಿಮೆ. 'ಮೂರೇ' ಅನ್ನುವುದರಲ್ಲಿನ ಆ ಏಕಾರಕ್ಕೆ ದಂಡ ಹಾಕಬೇಕು.

ನಮ್ಮ ಸರ್ವೆಯವರಿಗೆ ಈ ಅಳತೆ ಥಟ್ಟನೆ ಹಿಡಿಸುತ್ತದೆ. 33 ಅಡಿ ಚದರವೆಂದರೆ ಗುಂಟೆ. ಬ್ಲಾಕಿನ ಮಗ್ಗುಲಿಗೆ 33 ಅಡಿ ಸರಿಯಾಗಿ 20 ಸಲ ಕೂರುತ್ತದೆ. ಇಪ್ಪತ್ತಿಪ್ಪತ್ತಲೆ ನಾನೂರು ಗುಂಟೆ, ಹತ್ತು ಎಕರೆ. ರಸ್ತೆಯ ಅಗಲಕ್ಕೆ ನಾಲ್ಕು ಸಲ. 1847ರಲ್ಲಿ ಊರು ಹಾಕಿದ ಮಾರ್ಮನ್ ಎಂಬ ಕ್ರೈಸ್ತ ಪಂಥದವರು ಒಂದೊಂದು ಬ್ಲಾಕನ್ನು ಎಂಟು ಪಾಲು ಮಾಡಿದರು, ಪಾಲಿಗೆ ಐವತ್ತು ಗುಂಟೆ. ಮನೆ, ತರಕಾರಿ ಮಡಿ, ಹಣ್ಣಿನ ಮರ ಎಲ್ಲ ಅಲ್ಲೇ ಆಗಬೇಕು. ತೋಟದ ಲೆಕ್ಕದಲ್ಲಿ ಪೇಟೆ ಕಟ್ಟಿದರೆ ಇನ್ನೇನಾಗುತ್ತದೆ! ಆಮೇಲೆ ರೀಜೆಂಟ್ ಸ್ಟ್ರೀಟ್, ಎಕ್ಸ್‌ಚೇಂಜ್ ಪ್ಲೇಸ್‌ನಂಥ ಗಲ್ಲಿಗಳಿಗೆ ಬ್ಲಾಕಿನ ಹೊಟ್ಟೆ ಸೀಳಬೇಕಾಯಿತು.

ರಸ್ತೆ ಅಷ್ಟಗಲ ಏಕೆಂದರೆ ಎತ್ತಿನ ಬಂಡಿ ಸಲೀಸಾಗಿ ಹಿಂದಕ್ಕೆ ತಿರುಗಲಿ ಎಂದು ಅವರ ಮುಖಂಡ ಬ್ರಿಗಮ್ ಯಂಗ್ ಹೇಳಿದನಂತೆ. ಕತೆ ಚೆನ್ನಾಗಿದೆ. ಆದರೆ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ 1833ರಲ್ಲಿ ಮಿಸ್ಸೂರಿಗೆಂದು ಬರೆಸಿದ ನಕ್ಷೆಯಲ್ಲೇ ಈ 132 ಅಡಿ ಇದೆ. ಏನೇ ಇರಲಿ, ಎತ್ತು ಹೋಗಿ ಎಷ್ಟೋ ಕಾಲವಾಯಿತು, ಅದರ ಜಾಗ ಕಾರಿನ ಹೆಸರಿಗೆ ಖಾತೆಯಾಯಿತು. ನಡೆಯುವವನ ಹೆಸರು ಪಹಣಿಯಲ್ಲೇ ಇಲ್ಲ.

ಹಳೆಯ ಲೆಕ್ಕದಂತೆ ಎರಡೂ ಬದಿಗೆ ಇಪ್ಪತ್ತಿಪ್ಪತ್ತು ಅಡಿ ಕಾಲುದಾರಿ ಕಳೆದರೂ ದಾಟಬೇಕಾದದ್ದು 92 ಅಡಿ. ಅಮೆರಿಕದ ಸಿಗ್ನಲ್ ಲೆಕ್ಕದಲ್ಲಿ ಪಾದಚಾರಿಯ ವೇಗ ಸೆಕೆಂಡಿಗೆ ಮೂರೂವರೆ ಅಡಿ, ಅಂದರೆ 26 ಸೆಕೆಂಡು. ಸೆಕೆಂಡಿಗೆ ಮೂರಡಿ ನಡೆಯುವ ಮುದುಕಿಗೆ 31. ಸಿಗ್ನಲ್ ಇಲ್ಲದ ಕಡೆ? ಅಲ್ಲಿಗೆ ನಗರದವರು ಕಂಡುಕೊಂಡ ಉಪಾಯ ಕಿತ್ತಳೆ ಬಾವುಟ.

ತಮಾಷೆಯಲ್ಲ. ಕಂಬಕ್ಕೆ ಕಟ್ಟಿದ ಡಬ್ಬಿಯಿಂದ ಒಂದು ಬಾವುಟ ಎತ್ತಿಕೊಳ್ಳಬೇಕು, ವಾಹನ ಬರುವ ಕಡೆಗೆ ಚಾಚಿ ಹಿಡಿಯಬೇಕು, ದಾಟಿ ಆ ಬದಿಯ ಡಬ್ಬಿಗೆ ಹಾಕಬೇಕು. ಹತ್ತಿರದ ಪಥದ ಕಾರು ಮರ್ಯಾದೆಯಿಂದ ನಿಲ್ಲುತ್ತದೆ. ಅಪಾಯ ಆ ಮರ್ಯಾದೆಯಲ್ಲೇ ಇದೆ: ರಸ್ತೆ ದಾಟುವ ಪಟ್ಟೆಗೆ ಮೂತಿ ತಾಗಿಸಿ ನಿಂತ ಕಾರು ಪಕ್ಕದ ಪಥದವನ ಕಣ್ಣಿಗೆ ಮನುಷ್ಯನನ್ನೂ ಬಾವುಟವನ್ನೂ ಮರೆಮಾಡುತ್ತದೆ. ಅದಕ್ಕೇ ನಿಲ್ಲುವ ಗೆರೆಯನ್ನು ಪಟ್ಟೆಯಿಂದ 20ರಿಂದ 50 ಅಡಿ ಹಿಂದೆ ಎಳೆಯಬೇಕು. ಎಳೆದರೆ ಸಾಲದು, ಕಾರಿನವನು ಅದನ್ನು ನೋಡಲೂ ಬೇಕು. ಕೆಲವರು ಬಾವುಟವನ್ನು ಕಂಕುಳಲ್ಲಿ ಅವುಚಿಕೊಂಡು ಫೋನು ನೋಡುತ್ತ ದಾಟುತ್ತಾರೆ. ಇನ್ನು ಕೆಲವರು ಮನೆಗೇ ಒಯ್ಯುತ್ತಾರೆ. ಆ ಕೋಲು ಅವರ ಯಾವ ಟೊಮೆಟೊ ಗಿಡಕ್ಕೆ ಆಸರೆಯಾಗಿದೆಯೋ.

ಇಷ್ಟಾದರೂ ನೆಟ್ಟಗೆ ನಡೆಯುವ ನಾಗರಿಕರಿಂದಲೇ ಹೆಚ್ಚು ತೊಂದರೆ. ಬೆಳಗ್ಗೆ ಎಲ್ಲರೂ ಕಾರು ನಿಲ್ಲಿಸಿದ ಕಡೆಯಿಂದ ಆಫೀಸಿನ ಕಡೆಗೇ ದಾಟುವವರು. ಪ್ರತಿಯೊಬ್ಬನೂ ನಿಯಮದಂತೆ ಬಾವುಟವನ್ನು ಆ ಬದಿಯ ಡಬ್ಬಿಗೇ ಹಾಕುತ್ತಾನೆ. ಹತ್ತು ಗಂಟೆಗೆ ಬಂದವನಿಗೆ ಈ ಬದಿಯ ಡಬ್ಬಿ ಖಾಲಿ. ಬಾವುಟಗಳೆಲ್ಲ ಎದುರಿಗೇ ಕಾಣುತ್ತಿರುತ್ತವೆ, 92 ಅಡಿ ಆಚೆ.